ಮೂರು ಎಕರೆ ಲೇಔಟ್‌ಗೆ ಕೊಡೋದಾ, ಬೇಡ್ವಾ? (ದೊಡ್ಡಬಳ್ಳಾಪುರ–ದೇವನಹಳ್ಳಿ ಮಧ್ಯೆ)

ಹೊಲದಬದು

ಎಲ್ರಿಗೂ ನಮಸ್ಕಾರ. ನಮ್ಮೂರು ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಗೆ. ಪಿತ್ರಾರ್ಜಿತ ಜಮೀನು 3 ಎಕರೆ 12 ಗುಂಟೆ, ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಒಂದೂವರೆ ಎಕರೆ ಬೆಂಗಳೂರು ನೀಲಿ ದ್ರಾಕ್ಷಿ, ಮಿಕ್ಕಿದ್ದು ರಾಗಿ, ಬದುವಿನ ಮೇಲೆ ಹಲಸು, ಎರಡು ಚಕ್ಕೋತದ ಮರ. ಬೋರು 1,200 ಅಡಿ. ನೀರು ಒಂದೂವರೆ ಇಂಚು, ಬೇಸಿಗೆ ಬಂದ್ರೆ ಅದೂ ಗಾಳಿ ಹೊಡೆಯುತ್ತೆ. ಸಾಗುವಳಿ ಎಲ್ಲ ಅಣ್ಣಂದೇ. ನಾನು ಯಲಹಂಕದಲ್ಲಿ ಕೆಲಸಕ್ಕಿದ್ದೀನಿ, ಹಬ್ಬ ಹರಿದಿನಕ್ಕೆ ಊರು.

ಅಕ್ಕಪಕ್ಕದ ಹನ್ನೊಂದು ಎಕರೆ ಒಬ್ರು ಡೆವಲಪರ್ ಕೈಗೆ ಹೋಗಿದೆ. ನಮ್ದೂ ಸೇರಿದ್ರೆ ಅವರಿಗೆ ರಸ್ತೆಗೆ ನೇರ ಮುಖ ಸಿಗುತ್ತೆ. 'ಮಾರೋದೇ ಬೇಡ, ಜಾಯಿಂಟ್ ಡೆವಲಪ್‌ಮೆಂಟ್ ಮಾಡೋಣ, ಸೈಟ್‌ಗಳಲ್ಲಿ ಅರ್ಧ ನಿಮ್ಗೆ' ಅಂತ ಕೂತಿದ್ದಾರೆ. ಅಣ್ಣ ಕೊಡೋಣ ಅಂತಾನೆ. ನಂಗೆ ಮನಸ್ಸು ಬರ್ತಿಲ್ಲ. ಸುತ್ತ ಹಸಿರು ಅಂತ ಉಳಿದಿರೋದೇ ನಮ್ಮ ಕಡೆ, ಅದಕ್ಕೂ ಸೈಟ್ ಕಲ್ಲು ನೆಟ್ಟುಬಿಟ್ರೆ ಬೆಂಗಳೂರಿಗೆ ಗಾಳಿ ನೀರು ಎಲ್ಲಿಂದ? ಅನುಭವ ಇರೋರು ಹೇಳಿ.

ಮೂವತ್ತು_ನಲವತ್ತು

ಸರ್, ಬೇಜಾರು ಮಾಡ್ಕೋಬೇಡಿ. ನೀವು ಇರೋದು ಯಲಹಂಕದಲ್ಲಿ. ಆ ಅಪಾರ್ಟ್‌ಮೆಂಟೋ ಬಾಡಿಗೆ ಮನೆಯೋ ನಿಂತಿರೋ ಜಾಗದಲ್ಲೂ ಒಂದು ಕಾಲಕ್ಕೆ ಯಾರೋ ರಾಗಿ ಬಿತ್ತಿರ್ತಾರೆ. ಅವರು ಕೊಟ್ಟಿದ್ದಕ್ಕೇ ನಿಮ್ಗೆ ಸೂರು. ಈಗ ನಿಮ್ಮ ಸರದಿ ಬಂದಾಗ ಮಾತ್ರ ಹಸಿರು ನೆನಪಾಗುತ್ತೆ.

ನಾನು ರಾಯಚೂರು ಕಡೆಯವನು, ಹೆಬ್ಬಾಳದಲ್ಲಿ ಬಾಡಿಗೆಗಿದ್ದೀನಿ, ವರ್ಷವರ್ಷ ಬಾಡಿಗೆ ಏರ್ತಾನೇ ಇದೆ. ನಮ್ಮಪ್ಪಂಗೆ ಜಮೀನಿರ್ಲಿಲ್ಲ. ಊರೊಳಗೆ ಒಂದು 30x40 ಕೊಳ್ಳೋ ಶಕ್ತಿ ನನಗೆ ಈ ಜನ್ಮದಲ್ಲಿ ಬರಲ್ಲ. ದೊಡ್ಡಬಳ್ಳಾಪುರದ ಕಡೆ ಒಂದು ಸೈಟು ಅಂದ್ರೆ ನನ್ನಂಥವರಿಗೆ ಅದೇ ಕೊನೆ ಆಸರೆ. ಲೇಔಟ್ ಅಂದ ತಕ್ಷಣ ಮೂಗು ಮುರಿಯೋರು, ನಾವೆಲ್ಲಿ ಇರಬೇಕು ಅನ್ನೋದನ್ನೂ ಹೇಳಿ.

ಕೋಡಿಬಿದ್ದ_ಕೆರೆ

ಮೇಲಿನ ಅಣ್ಣನ ಮಾತಲ್ಲಿ ನ್ಯಾಯ ಇದೆ. ಆದ್ರೆ ಒಂದು ವಿಷ್ಯ. ಆ ಕಡೆ ಹತ್ತು ವರ್ಷದ ಹಿಂದಿನ ಲೇಔಟ್‌ಗಳನ್ನ ಒಂದ್ಸಲ ಸುತ್ತಿ ಬನ್ನಿ. ಕಮಾನು ಇರುತ್ತೆ, ಸೆಕ್ಯೂರಿಟಿ ಗೂಡು ಇರುತ್ತೆ, ಒಳಗೆ ಟಾರು ಕಿತ್ತುಹೋದ ರಸ್ತೆ, ಆಳೆತ್ತರ ಕಾಂಗ್ರೆಸ್ ಗಿಡ, ಅಲ್ಲೊಂದು ಇಲ್ಲೊಂದು ಮನೆ. ಕೊಂಡವರು ಬಹಳಷ್ಟು ಜನ ಮನೆ ಕಟ್ಟೋಕೆ ಕೊಂಡಿಲ್ಲ, ದುಡ್ಡು ಇಡೋಕೆ ಕೊಂಡಿದ್ದಾರೆ. ರಾಗಿನೂ ಹೋಯ್ತು, ಸೂರೂ ಆಗ್ಲಿಲ್ಲ. ನಿಮ್ಮಂಥವರಿಗೆ ಸಿಗ್ಲಿ ಅಂತ ಆ ಹೊಲ ಹೋಗಿದ್ರೆ ನನಗೇನೂ ತಕರಾರಿರ್ಲಿಲ್ಲ.

ನಾನು ಕೋಲಾರದವನು, ನಗರದ ಬಗ್ಗೆ ನಮ್ಮ ಲೆಕ್ಕವೇ ಬೇರೆ. ನಮ್ಮ ಕೆರೆಗೆ ಬರ್ತಿರೋದು ಬೆಂಗಳೂರಿನ ಕೊಳಚೆ ನೀರು. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ, ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳಿಗೆ. 2018ರಲ್ಲಿ ಶುರುವಾದಾಗ ಕೆರೆಯಲ್ಲಿ ನೊರೆ ಬಂತು, ಹೈಕೋರ್ಟ್ ನಿಲ್ಲಿಸ್ತು, ಆಮೇಲೆ ಮತ್ತೆ ಬಿಟ್ರು. ಸತ್ತೇಹೋಗಿದ್ದ ನಮ್ಮ ಬೋರಲ್ಲಿ ನೀರು ಬಂದಿದ್ದು ನಿಜ, ಇಲ್ಲ ಅಂದ್ರೆ ನಾಲಿಗೆ ಬಿದ್ದೋಗುತ್ತೆ. ಆದ್ರೆ ಎರಡೇ ಹಂತ ಶುದ್ಧ ಮಾಡಿ ಬಿಡ್ತಾರೆ, ಮೂರನೇ ಹಂತ ಮಾಡಿ ಅಂತ ನಮ್ಮೋರು ಕೇಳ್ತಾನೇ ಇದ್ದಾರೆ. ನಿಮ್ಮ ಕಡೆಗೂ ಹೆಬ್ಬಾಳ–ನಾಗವಾರ ಕಣಿವೆಯ 210 ದಶಲಕ್ಷ ಲೀಟರ್ ಯೋಜನೆ ಇದೆಯಲ್ಲ, ಅದೂ ಇದೇ. ಕಾವೇರಿ ನೀರನ್ನ ನೂರು ಕಿಲೋಮೀಟರ್ ದೂರದಿಂದ ಎತ್ತಿ ತರ್ತಾರೆ, ಬಳಸಿ ನಮಗೆ ಕಳಿಸ್ತಾರೆ, ನಾವು ಅದ್ರಲ್ಲಿ ಟೊಮೇಟೊ ಬೆಳೆದು ವಾಪಸ್ ಬೆಂಗಳೂರಿಗೆ ಲಾರಿ ತುಂಬ್ತೀವಿ. ಯಾರು ಯಾರನ್ನ ಸಾಕ್ತಿದ್ದಾರೆ ಅಂತ ಹೇಳೋದೇ ಕಷ್ಟ.

ರೇಷ್ಮೆಗೂಡು

ಹೊಲದಬದು ಅವರೇ, ನಾನು ವಿಜಯಪುರದ ಕಡೆಯವಳು (ದೇವನಹಳ್ಳಿ ತಾಲ್ಲೂಕಿಂದು, ಬಿಜಾಪುರ ಅಲ್ಲ). ನಮ್ಮ ಹಿಪ್ಪುನೇರಳೆ ತೋಟದ ಪಕ್ಕ ಲೇಔಟ್ ಬಂದು ನಾಲ್ಕು ವರ್ಷ. ಕೊಡದೇ ಉಳಿಸಿಕೊಂಡವರ ಕಥೆ ಏನಾಗುತ್ತೆ ಅಂತ ಯಾರೂ ಹೇಳಲ್ಲ, ಅದಕ್ಕೆ ಬರೀತಿದ್ದೀನಿ.

ಅವರು ಸುತ್ತ ಕಾಂಪೌಂಡ್ ಹಾಕಿದ್ರು. ಮೊದಲು ಮಳೆ ನೀರು ಅವರ ಹೊಲದ ಓರೆಯಲ್ಲಿ ಇಳಿದು ಹಳ್ಳಕ್ಕೆ ಹೋಗ್ತಿತ್ತು. ಈಗ ಗೋಡೆಗೆ ಬಡಿದು ನಮ್ಮ ತೋಟದಲ್ಲೇ ನಿಲ್ಲುತ್ತೆ, ಬೇರು ಕೊಳೆಯುತ್ತೆ. ಅದು ಹೋಗ್ಲಿ. ಹೋದ ವರ್ಷ ಅಲ್ಲಿ ಸೊಳ್ಳೆ ಜಾಸ್ತಿ ಅಂತ ಒಂದು ಸಂಜೆ ಫಾಗಿಂಗ್ ಹೊಡೆಸಿದ್ರು. ನಮ್ಮ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದು ಸೊಪ್ಪು ಮೇಯ್ತಿದ್ವು. ಹೊಗೆ ಸೀದಾ ಹುಳದ ಮನೆ ಕಿಟಕಿಗೆ ಬಂತು. ಬೆಳಿಗ್ಗೆ ನೋಡಿದ್ರೆ ಅರ್ಧ ಹುಳ ಹಸಿರು ವಾಂತಿ ಮಾಡ್ಕೊಂಡು ತಲೆ ಎತ್ತಿ ಒದ್ದಾಡ್ತಿದ್ವು. ಗೂಡು ಕಟ್ಟಿಸೋ ಚಂದ್ರಿಕೆ ತೊಳೆದು ಒಣಗಿಸಿ ಇಟ್ಟಿದ್ದೆ, ಹತ್ತಿಸೋಕೆ ಹುಳಾನೇ ಉಳೀಲಿಲ್ಲ. ಹೋಗಿ ಕೇಳಿದ್ರೆ 'ಡೆಂಗಿ ಬಂದ್ರೆ ನೀವು ನೋಡ್ಕೋತೀರಾ ಆಂಟಿ' ಅಂದ್ರು. ಅವರ ಮಾತೂ ಸುಳ್ಳಲ್ಲ, ಚಿಕ್ಕ ಮಕ್ಕಳಿರೋ ಮನೆ ಅವು.

ನೀವೊಬ್ಬರೇ ಮೂರು ಎಕರೆ ಉಳಿಸ್ಕೊಂಡು ಮೂರು ಕಡೆ ಲೇಔಟ್ ಆದ್ರೆ ಅಲ್ಲಿ ವ್ಯವಸಾಯ ಮಾಡೋಕಾಗಲ್ಲ. ಟ್ರ್ಯಾಕ್ಟರ್ ತಿರುಗಿಸೋಕೆ ದಾರಿ ಇರಲ್ಲ, ಕೂಲಿಯವರು ಬರಲ್ಲ, ಔಷಧಿ ಹೊಡೆದ್ರೆ ಅವರು ದೂರು ಕೊಡ್ತಾರೆ. ನಿಮ್ಮಣ್ಣ ಅದನ್ನ ನೋಡಿಯೇ ಹೇಳ್ತಿರಬಹುದು.

ನಕ್ಷೆಗಾರ

ನಗರ ಯೋಜನೆ ಓದಿ ಅದರಲ್ಲೇ ಕೆಲಸ ಮಾಡೋನು. ಈ ಚರ್ಚೆ ಕೊಡು–ಬಿಡು ಅನ್ನೋ ಕಡೆಗೇ ಎಳೀತಿದೆ, ಅಸಲು ಗಂಟು ಇರೋದು ಬೇರೆ ಕಡೆ. ರೇಷ್ಮೆಗೂಡು ಅವರು ಹೇಳಿದ ಕಷ್ಟಕ್ಕೆ ಕಾರಣ ಇದು: ಒಬ್ಬೊಬ್ಬರ ಸರ್ವೆ ನಂಬರ್ ಒಂದೊಂದಾಗಿ ಕನ್ವರ್ಷನ್ (ಕೃಷಿಯಿಂದ ಬೇರೆ ಬಳಕೆಗೆ) ಆಗುತ್ತೆ. ಇಲ್ಲಿ ಹನ್ನೊಂದು ಎಕರೆ, ಅರ್ಧ ಕಿಲೋಮೀಟರ್ ಬಿಟ್ಟು ಆರು ಎಕರೆ. ಮಧ್ಯೆ ಹೊಲ. ಆಮೇಲೆ ಆ ಚೂರುಗಳಿಗೆಲ್ಲ ನೀರು, ಒಳಚರಂಡಿ, ಬಸ್ಸು ಕೊಡು ಅಂದ್ರೆ ಯಾವ ಸರ್ಕಾರಕ್ಕೂ ಆಗಲ್ಲ. 2007ರಲ್ಲಿ 226 ಚದರ ಕಿಲೋಮೀಟರ್ ಇದ್ದ ಬೆಂಗಳೂರು ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿಸಿ 700 ಚ.ಕಿ.ಮೀ. ದಾಟಿಸಿದ್ರು. ಆ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ಹದಿನೇಳು ವರ್ಷ ಅಲ್ಲಿನವರು ಕುಡಿದಿದ್ದು ಬೋರ್‌ವೆಲ್, ಟ್ಯಾಂಕರ್.

ಅಹಮದಾಬಾದ್ ಇದನ್ನ ಬೇರೆ ಥರ ಮಾಡ್ತು. ಟಿ.ಪಿ. (ಟೌನ್ ಪ್ಲಾನಿಂಗ್) ಸ್ಕೀಂ ಅಂತ. ಒಂದು ಪ್ರದೇಶದ ಎಲ್ಲರ ಹೊಲವನ್ನೂ ಕಾಗದದ ಮೇಲೆ ಒಟ್ಟು ಮಾಡ್ತಾರೆ, ಎಲ್ಲರಿಂದಲೂ ಒಂದು ಪಾಲು ಕಡಿದು ಅದರಲ್ಲಿ ರಸ್ತೆ, ಪಾರ್ಕು, ಬಡವರ ಮನೆಗೆ ಜಾಗ ಬಿಡ್ತಾರೆ, ಮಿಕ್ಕಿದ್ದನ್ನ ಚೊಕ್ಕವಾಗಿ ಕತ್ತರಿಸಿ ಹಳೇ ಜಾಗದ ಹತ್ತಿರವೇ ಮಾಲೀಕನಿಗೆ ವಾಪಸ್ ಕೊಡ್ತಾರೆ. ಅವರ 76 ಕಿ.ಮೀ. ವರ್ತುಲ ರಸ್ತೆಗೆ ಜಾಗ ಸಿಕ್ಕಿದ್ದು ಬಹುಪಾಲು ಹೀಗೆ. ನಮ್ಮ 73 ಕಿ.ಮೀ. ಪೆರಿಫೆರಲ್ ರಿಂಗ್ ರೋಡ್? 2007ರಲ್ಲೇ ಅಂತಿಮ ಅಧಿಸೂಚನೆ ಆಯ್ತು. ವರ್ಷಗಟ್ಟಲೆ ರೈತರು ಮಾರೋ ಹಾಗೂ ಇರ್ಲಿಲ್ಲ, ಪರಿಹಾರವೂ ಸಿಗ್ಲಿಲ್ಲ, ಹೆಸರು ಮಾತ್ರ ಬಿಸಿನೆಸ್ ಕಾರಿಡಾರ್ ಅಂತ ಬದಲಾಯ್ತು. ತಮಾಷೆ ಏನಂದ್ರೆ ನಮ್ಮ 1961ರ ನಗರ ಯೋಜನಾ ಕಾಯ್ದೆಯಲ್ಲೂ ಟಿ.ಪಿ. ಸ್ಕೀಂಗೆ ಅಧ್ಯಾಯವೇ ಇದೆ. ತೆಗೆದು ಓದೋರಿಲ್ಲ.

ಅದೂ ಸಂಜೀವಿನಿ ಅಲ್ಲ ಬಿಡಿ. ಟಿ.ಪಿ. ಸ್ಕೀಂ ಆದ್ರೂ ಹೊಲ ಊರಾಗೇ ಆಗುತ್ತೆ. ಹಳ್ಳ ಕೊಳ್ಳ ನೋಡಿ ಗೆರೆ ಎಳೆದ್ರೆ ಉಂಟು, ಇಲ್ಲಾಂದ್ರೆ ಅದೂ ಮುಳುಗುತ್ತೆ.

ಎರೆಹೊಲ_ಧಾರವಾಡ

ಬರೇ ಬೆಂಗ್ಳೂರಿಂದs ಮಾತಾಡ್ತೀರಲ್ರೀ. ನಮ್ಮ ಹುಬ್ಬಳ್ಳಿ–ಧಾರವಾಡ ನಡುವ ಏನ್ ಆಗೇದ ನೋಡ್ರಿ. ಎರಿಭೂಮಿ, ಒಂದ್ ಮಳಿ ಆದ್ರ ಹಿಂಗಾರಿ ಜ್ವಾಳ, ಕಡ್ಲಿ ಬರ್ತಿದ್ದವು, ನೀರು ಹಾಯ್ಸೂದs ಬ್ಯಾಡ. ಅಂಥಾ ಹೊಲ ಎನ್ನೆ (ಕೃಷಿಯೇತರ) ಮಾಡ್ಸಿ ಪ್ಲಾಟ್ ಹಾಕ್ಯಾರ. ಮತ್ತ ಎರಿ ಮಣ್ಣು ಮನಿ ಕಟ್ಟಾಕೂ ಚಲೋ ಅಲ್ಲ, ಬ್ಯಾಸಿಗಿಗೆ ಬಿರಿತದ, ಮಳಿಗಾಲಕ್ಕ ಉಬ್ಬತದ, ಗ್ವಾಡಿ ಸೀಳ್ತಾವ. ಮನಿಗೂ ಲಾಯಕ್ಕಿಲ್ಲದ ಮಣ್ಣಿನ್ಯಾಗ ಮನಿ ಕಟ್ಟಿ, ಬೆಳೀಗೆ ಲಾಯಕ್ಕಿದ್ದ ಮಣ್ಣು ಕಳಕೊಂಡ್ವಿ. ಮಡ್ಡಿ ಜಮೀನು ಬಾಜೂಕs ಖಾಲಿ ಬಿದ್ದೇದ, ಅಲ್ಲಿ ಕಟ್ಟಂಗಿಲ್ಲ, ಯಾಕಂದ್ರ ಅದು ಹೈವೇಕ್ಕ ಹತ್ತಿಲ್ಲ!

ಕೋಡಿಬಿದ್ದ_ಕೆರೆ

@ಎರೆಹೊಲ ಇದನ್ನ ಯಾರೂ ಹೇಳೇ ಇರ್ಲಿಲ್ಲ. ಯಾವ ಮಣ್ಣು ಯಾವುದಕ್ಕೆ ಅಂತ ನೋಡೋ ಪದ್ಧತಿನೇ ಕನ್ವರ್ಷನ್‌ನಲ್ಲಿ ಇಲ್ಲ. ಅರ್ಜಿ, ಶುಲ್ಕ, ವಲಯದ ಬಣ್ಣ. ಅಷ್ಟೇ.

ಸರ್ವೆಕಲ್ಲು

ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತನಾದವನು. ದೊಡ್ಡ ಮಾತು ನನಗೆ ಬರಲ್ಲ, ಕಾಗದದ ಮಾತು ಹೇಳ್ತೀನಿ.

ಹೊಲದಬದು, ನೀವು ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಪಹಣಿ ತೆಗೆದು ಖರಾಬು ಕಾಲಂ ನೋಡಿ. 'ಎ' ಖರಾಬು ಅಂದ್ರೆ ಬಂಡೆ, ಗುಂಡಿ, ಸಾಗುವಳಿಗೆ ಬಾರದ್ದು, ಅದು ನಿಮ್ಮದೇ. 'ಬಿ' ಖರಾಬು ಅಂದ್ರೆ ಹಳ್ಳ, ಕಾಲುವೆ, ಬಂಡಿದಾರಿ, ಗುಂಡುತೋಪು, ಅದು ಸಾರ್ವಜನಿಕರದು. ನಿಮ್ಮ ಸರ್ವೆ ನಂಬರ್ ಒಳಗೇ ಇದ್ರೂ ನೀವು ಮಾರೋ ಹಾಗಿಲ್ಲ. ಆಮೇಲೆ ಗ್ರಾಮ ನಕ್ಷೆ ತಗೊಳ್ಳಿ, ಹಳ್ಳ ಎಲ್ಲಿ ಹಾಯುತ್ತೆ ಅಂತ ಗೆರೆ ಇರುತ್ತೆ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಹೊಲದಲ್ಲಿ ನಿಂತ್ರೆ ಅದೇ ನಕ್ಷೆ ನೀವು ನಿಂತಿರೋ ಜಾಗದ ಮೇಲೆ ಕಾಣುತ್ತೆ. ಅಂದಾಜಿಗೆ ಸಾಕು, ಅಳತೆಗೆ ಅಲ್ಲ. ಆ್ಯಪ್ ನೋಡ್ಕೊಂಡು ಬೇಲಿ ಹಾಕಿ ಜಗಳ ಆಡಿದವರೂ ಇದ್ದಾರೆ.

ಇನ್ನೊಂದು. ನಿಮ್ಮೂರು ನೀರಿಳಿಯೋ ದಿಣ್ಣೆಯ ಯಾವ ಕಡೆಗಿದೆ ನೋಡಿ. ನಂದಿ ಬೆಟ್ಟದಿಂದ ಒಂದು ಕಡೆ ಅರ್ಕಾವತಿ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿ. ದೊಡ್ಡಬಳ್ಳಾಪುರದ ಕಡೆಗೆ ನೀರು ಇಳಿದ್ರೆ ಅದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸೇರೋ ಜಲಾನಯನ. ಅದಕ್ಕೆ 2003ರಲ್ಲೇ ನಾಲ್ಕು ವಲಯ ಮಾಡಿ ಕಟ್ಟಡ, ಬಡಾವಣೆಗೆ ನಿರ್ಬಂಧ ಹಾಕಿದಾರೆ. ಬಿಯಾಪಾ (ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ) ನಕ್ಷೆಯಲ್ಲಿ ನಿಮ್ಮದು ಹಳದಿಯೋ (ವಾಸಕ್ಕೆ) ಹಸಿರೋ (ಕೃಷಿಗೆ) ಅನ್ನೋದನ್ನೂ ಕೇಳಿ. ಹಸಿರು ವಲಯದಲ್ಲಿ ಸೈಟ್ ಮಾಡ್ತೀವಿ ಅನ್ನೋರು ರೆವಿನ್ಯೂ ಸೈಟ್ (ಅನುಮೋದನೆ ಇಲ್ಲದ್ದು) ಮಾಡೋರೇ ಅಂತ ತಿಳ್ಕೊಳ್ಳಿ.

ಹೊಲದಬದು

ಸರ್ವೆಕಲ್ಲು ಸರ್, ತುಂಬಾ ಉಪಕಾರ ಆಯ್ತು. ಭಾನುವಾರ ಊರಿಗೆ ಹೋಗಿ ನೋಡ್ದೆ. ಪಹಣಿಯಲ್ಲಿ ಬಿ ಖರಾಬು 7 ಗುಂಟೆ ಇದೆ. ಗ್ರಾಮ ನಕ್ಷೆಯಲ್ಲಿ ಹಳ್ಳ ನಮ್ಮ ಪೂರ್ವದ ಬದುವಿಗೆ ಹತ್ಕೊಂಡು ಕೆಳಗಿನ ಕೆರೆಗೆ ಹೋಗುತ್ತೆ. ಈಗ ನೋಡೋಕೆ ಹಳ್ಳ ಅಂತ ಅನ್ನಿಸಲ್ಲ, ಲಂಟಾನ ಬೆಳೆದ ತಗ್ಗು, ಅಷ್ಟೇ.

ಡೆವಲಪರ್ ಕೊಟ್ಟಿರೋ ಸ್ಕೆಚ್ ಪಕ್ಕದಲ್ಲಿಟ್ಟು ನೋಡಿದ್ರೆ, ಅವರ 30 ಅಡಿ ರಸ್ತೆ ಇರೋದು ಸರಿಯಾಗಿ ಅದೇ ತಗ್ಗಿನ ಮೇಲೆ.

ನಕ್ಷೆಗಾರ

ಇದೇ ಇದೇ. ಹಳ್ಳ ಅಂದ್ರೆ ಪುಕ್ಕಟೆ ಜಾಗ, ಅದರ ಮೇಲೆ ರಸ್ತೆ ಎಳೆದ್ರೆ ಅಷ್ಟು ಜಾಗ ಸೈಟಿಗೆ ಉಳೀತು ಅನ್ನೋ ಲೆಕ್ಕ. ಬೆಂಗಳೂರಿನಲ್ಲಿ ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು, ಚಲ್ಲಘಟ್ಟ ಗಾಲ್ಫ್ ಮೈದಾನ. ಆ ಕಾಲಕ್ಕೆ ಮಾಡಿದ್ದು ಸರ್ಕಾರಗಳೇ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿ ಕೋಟಿ ಬೆಲೆಯ ಮನೆಯವರನ್ನ ಟ್ರ್ಯಾಕ್ಟರಲ್ಲಿ ಕೂರಿಸ್ಕೊಂಡು ಹೊರಗೆ ತಂದ್ರಲ್ಲ, ಅಲ್ಲೂ ನೀರು ತನ್ನ ಹಳೇ ದಾರಿಯಲ್ಲೇ ಬಂದಿದ್ದು. ಮರುವರ್ಷ ಮಳೆ ಕೈಕೊಟ್ಟಿತು, 2024ರ ಬೇಸಿಗೆಗೆ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದ್ವು. ಇಂಗೋ ಜಾಗ ಮುಚ್ಚಿದ್ರೆ ಎರಡೂ ಆಗುತ್ತೆ.

ಮೂವತ್ತು_ನಲವತ್ತು

ಹಾಗಾದ್ರೆ ನಾನು ಆ ರಸ್ತೆ ಮೇಲಿನ ಸೈಟ್ ಕೊಂಡಿದ್ರೆ? ನನಗೆ ಅಪ್ರೂವಲ್ ಕಾಪಿ ತೋರಿಸ್ತಾರೆ, ಬ್ಯಾಂಕ್ ಸಾಲ ಕೊಡುತ್ತೆ, ರಿಜಿಸ್ಟ್ರಾರ್ ಮುದ್ರೆ ಹಾಕ್ತಾರೆ. ಕೊನೆಗೆ ಜೆಸಿಬಿ ಬಂದಾಗ ನಿಲ್ಲೋದು ನಾನೊಬ್ನೇ. ಗ್ರಾಮ ನಕ್ಷೆ ಅಂತ ಒಂದಿದೆ ಅನ್ನೋದೇ ನನಗೆ ಇವತ್ತು ಗೊತ್ತಾಗಿದ್ದು, ಸರ್.

ಹೊಲದಬದು

ಅಣ್ಣ ಈಗ ಪಕ್ಕದಲ್ಲೇ ಕೂತಿದ್ದಾನೆ, ಇದೆಲ್ಲ ಓದಿ ಹೇಳ್ದೆ. ಅವನು ಹೇಳಿದ್ದನ್ನ ಹಾಗೇ ಹಾಕ್ತೀನಿ:

"ಇವರೆಲ್ಲ ಬೆಂಗಳೂರಿಗೆ ಏನಾಗುತ್ತೆ ಅಂತಾರೆ. ನನಗೇನಾಗಿದೆ ಅಂತ ಕೇಳಿ. 2020ರ ಲಾಕ್‌ಡೌನಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಕೊಳೀತು, ಆ ಸಾಲ ಇನ್ನೂ ತೀರಿಲ್ಲ. ಚಾಟನಿಗೆ (ಬಳ್ಳಿ ಸವರೋಕೆ) ಆಳು ಸಿಗಲ್ಲ, ಎಲ್ರೂ ಏರ್‌ಪೋರ್ಟ್ ಹೌಸ್‌ಕೀಪಿಂಗ್‌ಗೆ ಹೋಗ್ತಾರೆ, ವ್ಯಾನ್ ಬಂದು ಕರ್ಕೊಂಡ್ ಹೋಗುತ್ತೆ, ತಿಂಗಳಿಗೆ ಸಂಬಳ. ನಾನೂ ಅವರ ಜಾಗದಲ್ಲಿದ್ರೆ ಹೋಗ್ತಿದ್ದೆ. ಹಿರೀ ಮಗಳು ನರ್ಸಿಂಗ್ ಓದ್ತಿದ್ದಾಳೆ, ಹೊಲಕ್ಕೆ ಬರಲ್ಲ. ನಾನು ಸತ್ತ ಮೇಲೆ ಇವನು ಬಂದು ಉಳ್ತಾನಾ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದವರು ಸಾವಿರ ದಿನಕ್ಕೂ ಮೇಲೆ ಧರಣಿ ಕೂತು ಜಮೀನು ಉಳಿಸ್ಕೊಂಡ್ರು, ಅವರಿಗೆ ಕೈ ಮುಗೀತೀನಿ. ಅದು ಸರ್ಕಾರ ಕಿತ್ಕೊಳ್ತೀನಿ ಅಂದಿದ್ದಕ್ಕೆ. ನಾನು ಕೊಡ್ತೀನಿ ಅಂದ್ರೆ ಯಾಕೆ ಬೇಡ?"

ಕೋಡಿಬಿದ್ದ_ಕೆರೆ

ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ಚನ್ನರಾಯಪಟ್ಟಣ ಹೋಬಳಿ ವಿಷ್ಯದಲ್ಲಿ ಅವರು ಹೇಳಿದ್ದು ಸರಿ. 13 ಹಳ್ಳಿ, 1,777 ಎಕರೆ, ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಏರೋಸ್ಪೇಸ್ ಪಾರ್ಕ್‌ಗೆ. 2025ರ ಜುಲೈ 15ಕ್ಕೆ ಸರ್ಕಾರ ಕೈಬಿಟ್ಟಿತು. ಆದ್ರೆ ಆವತ್ತೇ 'ಇಷ್ಟ ಇದ್ದೋರು ಕೊಡಬಹುದು' ಅಂತಲೂ ಹೇಳಿದ್ರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ದುಡ್ಡಿರೋ ಯಾರು ಬೇಕಾದ್ರೂ ಕೃಷಿ ಭೂಮಿ ಕೊಳ್ಳಬಹುದು. ಧರಣಿಯಿಂದ ಉಳಿದ ಜಮೀನು ಒಂದೊಂದೇ ಸಹಿಯಲ್ಲಿ ಹೋಗೋಕೆ ಎಷ್ಟು ಹೊತ್ತು? ಅದಕ್ಕೆ ರೈತನನ್ನ ಬೈದು ಪ್ರಯೋಜನ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಹೊಲದಲ್ಲಿ ಇಂಗೋ ನೀರಿಗೆ ನಗರ ಒಂದು ರೂಪಾಯಿ ಕೊಡಲ್ಲ, ಸೈಟಿಗೆ ಕೋಟಿ ಕೊಡುತ್ತೆ.

ರೇಷ್ಮೆಗೂಡು

ಅಣ್ಣಾವ್ರು ಕೊಡೋದೇ ಆದ್ರೆ ಸುಮ್ನೆ ಸಹಿ ಹಾಕಬೇಡಿ, ಕೇಳಿ. ಒಂದು, ಹಳ್ಳ ಹಳ್ಳವಾಗೇ ಇರಬೇಕು, ಎರಡೂ ಕಡೆ ಜಾಗ ಬಿಟ್ಟು. ಅವರ ಪಾರ್ಕ್ ಅಲ್ಲೇ ಬರಲಿ, ಹೇಗೂ ಪಾರ್ಕಿಗೆ ಬಿಡಲೇಬೇಕಲ್ಲ. ಇನ್ನೊಂದು, ಕೊಳಚೆ ಎಲ್ಲಿಗೆ ಹೋಗುತ್ತೆ ಅಂತ ಬರೆದು ಕೊಡಲಿ. ನಮ್ಮ ಪಕ್ಕದ ಲೇಔಟ್‌ನಲ್ಲಿ ಮನೆಮನೆಗೂ ಪಾಯಿಖಾನೆ ಪಿಟ್, ತುಂಬಿದಾಗ ಟ್ಯಾಂಕರ್‌ನವನು ರಾತ್ರಿ ಹೊತ್ತು ಎಲ್ಲೋ ಸುರಿದು ಬರ್ತಾನೆ. ದೇವನಹಳ್ಳಿ ಪಟ್ಟಣದಲ್ಲಿ 2015ರಿಂದ ಪಿಟ್ ಕೆಸರು ಸಂಸ್ಕರಿಸೋ ಘಟಕ ಇದೆ, ದೇಶದಲ್ಲೇ ಮೊದಲನೇದು ಅಂತಾರೆ. ಅದರಿಂದ ಗೊಬ್ಬರನೂ ಮಾಡ್ತಾರೆ. ಅಂಥದ್ದಕ್ಕೆ ಕೊಂಡೊಯ್ಯೋ ವ್ಯವಸ್ಥೆ ಮಾಡಲಿ. ಕೆಳಗಿನ ಕೆರೆಯಲ್ಲಿ ದನ ನೀರು ಕುಡಿಯುತ್ತೆ.

ಸರ್ವೆಕಲ್ಲು

ಹೆಣ್ಣುಮಗಳು ಹೇಳಿದ್ದು ಕಾಗದಕ್ಕೂ ಸರಿ. ಬಿ ಖರಾಬಿನ ಮೇಲೆ ರಸ್ತೆ ತೋರಿಸಿದ ಸ್ಕೆಚ್‌ಗೆ ಸಹಿ ಹಾಕಿದ್ರೆ ನಾಳೆ ಕೇಸ್ ಆದಾಗ ಭೂಮಾಲೀಕರು ಅಂತ ನಿಮ್ಮಪ್ಪನ ಹೆಸರೂ ಬರುತ್ತೆ, ಅದು ನೆನಪಿರಲಿ. 'ಅರ್ಧ ಸೈಟ್' ಅನ್ನೋದನ್ನೂ ಬಿಡಿಸಿ ಕೇಳಿ. ರಸ್ತೆ, ಪಾರ್ಕು, ಸಿ.ಎ. (ಸಾರ್ವಜನಿಕ ಸೌಲಭ್ಯದ) ನಿವೇಶನ ಕಳೆದ್ರೆ ಎಕರೆಯಲ್ಲಿ ಸೈಟಿಗೆ ಉಳಿಯೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ನಿಮ್ಮದು. ಅದೂ ಯಾವ ಸಾಲಿನ ಸೈಟು? ಹಿಂದಿನ ಮೂಲೆಯವೆಲ್ಲ ರೈತರ ಪಾಲಿಗೆ ಬಂದಿದ್ದನ್ನ ಬೇಕಾದಷ್ಟು ನೋಡಿದೀನಿ.

ಹೊಲದಬದು

ಎಲ್ರೂ ಇಷ್ಟು ಹೊತ್ತು ಕೊಟ್ಟು ಬರೆದಿದ್ದಕ್ಕೆ ಧನ್ಯವಾದ. ಅಣ್ಣ ನಾನು ಕೂತು ಮಾತಾಡಿದ್ವಿ. ಅವನು ಕೊಡೋ ಮನಸ್ಸು ಬದಲಾಯಿಸಿಲ್ಲ, ನಾನೂ ಹಟ ಹಿಡಿಯಲ್ಲ, ಕೆಸರು ತುಳಿಯೋನು ಅವನು. ಆದ್ರೆ ಹಳ್ಳದ ಕಡೆಯ ಒಂದು ಎಕರೆ, ಹಲಸು ಚಕ್ಕೋತ ಇರೋ ಭಾಗ, ಕೊಡಲ್ಲ ಅಂತ ಇಬ್ರೂ ಒಪ್ಪಿದ್ವಿ. ಮಿಕ್ಕಿದ್ದಕ್ಕೆ ಹಳ್ಳ ಬಿಟ್ಟು ಹೊಸ ಸ್ಕೆಚ್ ತನ್ನಿ ಅಂತ ಡೆವಲಪರ್‌ಗೆ ಹೇಳಿದೀವಿ. 'ಹಾಗಾದ್ರೆ ನಮಗೆ ವರ್ಕೌಟ್ ಆಗಲ್ಲ' ಅಂದು ಎದ್ದು ಹೋದ್ರು. ಅಣ್ಣನ ಪ್ರಕಾರ ಹದಿನೈದು ದಿನದಲ್ಲಿ ವಾಪಸ್ ಬರ್ತಾರೆ, ರಸ್ತೆ ಮುಖ ನಮ್ಮ ಕೈಲಿದೆಯಲ್ಲ.

ಮೂವತ್ತು_ನಲವತ್ತು

ಹೊಸ ಸ್ಕೆಚ್ ಬಂದ್ರೆ ಇಲ್ಲಿ ಹೇಳಿ ಸರ್, ಹಳ್ಳದ ಮೇಲಿಲ್ಲದ ಸೈಟ್ ಒಂದು ನೋಡೋಣ :) ಅಂದಹಾಗೆ ಸರ್ವೆಕಲ್ಲು ಸರ್, ನಾನು ನೋಡಿಟ್ಟಿರೋ ಬೇರೆ ಸೈಟ್‌ಗೂ ಇದನ್ನ ಚೆಕ್ ಮಾಡಬಹುದಾ? ನನ್ನ ಹತ್ರ ಸರ್ವೆ ನಂಬರ್ ಮಾತ್ರ ಇದೆ.

ಸರ್ವೆಕಲ್ಲು

ಧಾರಾಳವಾಗಿ. ಪಹಣಿ ಸರ್ಕಾರದ 'ಭೂಮಿ' ವೆಬ್‌ಸೈಟಲ್ಲಿ ಸರ್ವೆ ನಂಬರ್ ಹಾಕಿದ್ರೆ ಬರುತ್ತೆ. ಗ್ರಾಮ ನಕ್ಷೆ ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲೇ ಸಿಗುತ್ತೆ. ಸೈಟಿನ ಖಾತಾ ನಂಬರ್ ಅಲ್ಲ, ಲೇಔಟ್ ಆಗೋ ಮುಂಚಿನ ಮೂಲ ಸರ್ವೆ ನಂಬರ್ ಬೇಕು, ಅದನ್ನ ಕನ್ವರ್ಷನ್ ಆದೇಶದಲ್ಲಿ ನೋಡ್ಕೊಳ್ಳಿ. ಆ ಆದೇಶದ ಪ್ರತಿ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಅಡ್ವಾನ್ಸ್ ಕೊಡಬೇಡಿ.